ಅಕಿದು ಅಕಿಗೆ

ಪೂನಮ್ ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಿಂದ ಹಿಂದಕ್ಕೆ ನೂಕಿದಳು.

"ಈಗ ಯಾಕ ತಂದ್ರಿ ಅಕ್ಕಾರ? ಯಾರಿಗೆ ಕೊಡಾಕ ತಂದ್ರಿ?"

ದಾನೇಶ್ವರಿ ಡಬ್ಬಿಯನ್ನು ಎದೆಗವಚಿಕೊಂಡು ಅಂಗಳದಲ್ಲೇ ನಿಂತುಬಿಟ್ಟಳು. ಬೆಂಗಳೂರಿನಿಂದ ಬಂದು, ಜಮಖಂಡಿಯಲ್ಲಿ ಇಳಿದು ಸಾವಳಗಿಯ ಬಸ್ಸು ಹತ್ತುವಾಗಲೂ ಅವಳಿಗೆ ಸಾವಿನ ಸುದ್ದಿ ತಿಳಿದಿರಲಿಲ್ಲ. ಪೂನಮ್‌ಳ ತಾಯಿ ಹೊಳೆವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ಬೀರಪ್ಪ ದೇವರ ಅರಿಶಿನದ ಭಂಡಾರ. ಎರಡು ವಾರದ ಭೇದಿಗೆ ಮೈ ಅರ್ಧವಾಗಿತ್ತು. ಹೊಸ ಸೀರೆಯೊಳಗೆ ಸಣ್ಣ ಹುಡುಗಿಯೊಬ್ಬಳನ್ನು ಕೂರಿಸಿದಂತೆ ಕಾಣುತ್ತಿತ್ತು.

"ಏನೈತಿ ಅದರಾಗ?" ಪಕ್ಕದ ಮನೆಯ ಬಸಗೊಂಡಪ್ಪ ಕೇಳಿದ.

"ನಮ್ಮವ್ವನ್ನ ಉಳಸೂದು ಐತಿ ಕಾಕಾ. ಅಕಿ ಹೊಟ್ಯಾಗಿಂದನ. ಐದು ವರ್ಷ ಬರ್ಫದಾಗ ಇಟ್ಟಿದ್ರು," ಎಂದಳು ಪೂನಮ್.

*

ಐದು ವರ್ಷದ ಹಿಂದೆ, ಹೊಳೆವ್ವ ಮತ್ತು ಅವಳ ಗಂಡ ಗಿರಮಲ್ಲಪ್ಪ ಕುರಿ ತರುಬಿ ಹಟ್ಟಿ ಹಾಕಿದ್ದ ಹೊಲಕ್ಕೆ ದಾನೇಶ್ವರಿ ಮೊದಲ ಸಲ ಬಂದಿದ್ದಳು. ಬನಹಟ್ಟಿಯ ನೇಕಾರರ ಮಗಳು. ಬೆಂಗಳೂರಿನ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸ. ವರ್ಷಗಟ್ಟಲೆ ಇಂಗ್ಲಿಷ್ ಔಷಧ ಮುಟ್ಟದವರ ಮಲ ಅವಳಿಗೆ ಬೇಕಿತ್ತು.

"ಏನ ಬೇಕಂದಿ?" ಹೊಳೆವ್ವ ನಗು ತಡೆಯಲಾರದೆ ಕೋಲಿಗೆ ಆತುಕೊಂಡಳು. "ಮಂದಿ ಕುರಿ ಹಿಕ್ಕಿ ಕೇಳಾಕ ಬರ್ತಾರ. ನೀ ನಂದ ಕೇಳಾಕ ಬಂದೀಯಲ್ಲ ಬೇ!"

"ಹೊಟ್ಯಾಗ ಕಣ್ಣಿಗಿ ಕಾಣಲಾರದ ಹುಳ ಕೋಟಿಗಟ್ಟಲೆ ಇರ್ತಾವರಿ ಯವ್ವಾ. ಛಲೋ ಹುಳ ಜಾಗಾ ಹಿಡದು ಕುಂತ್ರ ಕೆಟ್ಟವಕ್ಕ ಜಾಗಾನ ಸಿಗೂದಿಲ್ಲ. ಈಗ ಯಾವ ಔಷಧಕ್ಕೂ ಸಾಯಲಾರದ ಹುಳ ಹುಟ್ಯಾವು. ಅವನ್ನ ಇಂಥಾ ಛಲೋ ಹುಳದ ಕೈಲೆ ಹೊಡಸಾಕ ಆಗತೈತೇನು ಅಂತ ನೋಡಾಕತ್ತೇವಿ."

"ನಮ್ಮ ಹಟ್ಟಿ ನಾಯಿ ಇದ್ದಂಗ ಅನ್ನು," ಎನ್ನುತ್ತ ಹೊಳೆವ್ವ ಒಪ್ಪಿಗೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಮರುವರ್ಷ ದಾನೇಶ್ವರಿ ಫಲಿತಾಂಶ ಹೇಳಲೆಂದೇ ಬಂದಳು. ಆಸ್ಪತ್ರೆಗಳಲ್ಲಿ ಔಷಧ ಹೆಚ್ಚಾದವರಿಗೆ ಭೇದಿ ಹಚ್ಚಿ ಕೊಲ್ಲುವ ಹುಳವೊಂದಿತ್ತು. ನಲವತ್ತು ಮಂದಿಯ ಮಾದರಿಗಳಲ್ಲಿ ಅದನ್ನು ತಡೆದು ನಿಲ್ಲಿಸಿದ್ದು ಹೊಳೆವ್ವನದೊಂದೇ. ಆಮೇಲೆ ಒಂದು ತಿಂಗಳು ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೊಳೆವ್ವನದು ಒಂದೇ ಮಾತು: "ನಾ ಸಾಲಿ ಕಟ್ಟಿ ಹತ್ತಲಿಲ್ಲ. ನನ್ನ ಹೊಟ್ಟಿ ಬೆಂಗಳೂರಾಗ ಪಾಸಾತು ನೋಡ್ರಿ!"

*

ಈ ಬೇಸಿಗೆಯಲ್ಲಿ ಹೊಳೆವ್ವನ ಹಿಮ್ಮಡಿಗೆ ಜಾಲಿಮುಳ್ಳು ಹೊಕ್ಕಿತು. ಊರ ಡಾಕ್ಟರು ಮುಳ್ಳು ತೆಗೆದು ಗುಳಿಗೆ ಕೊಟ್ಟರು. ಎರಡು ದಿನಕ್ಕೆ ಬಾವು ಇಳಿಯಲಿಲ್ಲವೆಂದು ಬೇರೆ ಗುಳಿಗೆ, ಆಮೇಲೆ ಅದಕ್ಕಿಂತ ದೊಡ್ಡದು. ಗಾಯ ಒಣಗಿದ ಮೇಲೂ "ಇರಲಿ, ಇನ್ನ ಹತ್ತ ದಿನ ತಗೋ" ಎಂದರು. ಹತ್ತು ದಿನ ಮುಗಿಯುವ ಮೊದಲೇ ಭೇದಿ ಹತ್ತಿತು. ಅದಕ್ಕೂ ಅವರು ಅಂಥದೇ ಗುಳಿಗೆ ಬರೆದರು.

ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಹುಳದ ಹೆಸರು ಬರೆದುಕೊಟ್ಟರು. ಪೂನಮ್ ಅದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಓದಿದಾಗ ದಾನೇಶ್ವರಿ ಬರೆದುಕೊಂಡು ನೋಡಿದಳು. ಹೊಳೆವ್ವನ ಮಾದರಿ ತಡೆದು ನಿಲ್ಲಿಸಿದ್ದ ಅದೇ ಹುಳ.

"ಗುಳಿಗಿ ನಿಮ್ಮವ್ವನ ಛಲೋ ಹುಳಾನೆಲ್ಲಾ ಕೊಂದಾವು ಪೂನಮ್. ನಮ್ಮಲ್ಲಿ ಅವು ಇನ್ನೂ ಜೀವಂತ ಅದಾವು. ತಿರಗಿ ಹೊಟ್ಟಿಗೆ ಬಿಡಬಹುದು. ಬ್ಯಾರೆ ಕಡೆ ಮಾಡ್ಯಾರ."

ಕೇಂದ್ರದಿಂದ ಕಾಗದ ಬಂದರೆ ನೋಡೋಣ ಎಂದರು ಆಸ್ಪತ್ರೆಯವರು. ಸಂಶೋಧನೆಗೆಂದು ತೆಗೆದುಕೊಂಡದ್ದನ್ನು ರೋಗಿಗೆ ಕೊಡಲು ಬರುವುದಿಲ್ಲ, ಸಮಿತಿ ಒಪ್ಪಬೇಕು ಎಂದರು ಕೇಂದ್ರದ ಮುಖ್ಯಸ್ಥರು. ಸಮಿತಿ ಸೇರುವುದು ಮುಂದಿನ ತಿಂಗಳು. ದಾನೇಶ್ವರಿ ದಿನವೂ ಅವರ ಕೋಣೆಯ ಮುಂದೆ ನಿಂತಳು. ಹತ್ತನೆಯ ದಿನ ಆಸ್ಪತ್ರೆಯವರು ಇನ್ನು ಆಗದೆಂದು ಹೊಳೆವ್ವನನ್ನು ಮನೆಗೆ ಕಳಿಸಿದರೆಂದು ಗೊತ್ತಾದ ಮೇಲೆ, ಯಾರನ್ನೂ ಕೇಳದೆ ಮಾದರಿಯನ್ನು ಹೊರತೆಗೆದು ಬಸ್ಸು ಹತ್ತಿದಳು.

*

"ಅಕಿದು ಅಕಿಗೆ ಕೊಡಾಕ ಯಾರ ಪರವಾನಿಗಿ ಬೇಕಿತ್ತರಿ?" ಪೂನಮ್‌ಳ ದನಿಗೆ ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ತಿರುಗಿ ನೋಡಿದರು. "ತಗೊಳ್ಳೂ ಮುಂದ ಒಂದು ಹೆಬ್ಬೆಟ್ಟ ಸಾಕಾಗಿತ್ತಲ್ಲ? ಕೊಡೂ ಮುಂದ ಎಷ್ಟ ಮಂದಿ ಕೂಡಬೇಕಿತ್ತು?"

"ಮೊದಲನೇ ದಿನಾನ ತರಬೇಕಿತ್ತು," ಎಂದಳು ದಾನೇಶ್ವರಿ. "ನೌಕರಿ ಹೋಗತೈತಂತ ಹೆದರಿದೆ. ಹತ್ತ ದಿನ ಹೆದರಿದೆ."

"ಹತ್ತ ದಿನ ನಾ ಅಕಿ ಸೀರಿ ಒಗದೇನಿ. ದಿನಕ್ಕ ಇಪ್ಪತ್ತ ಸಲ."

ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದ ಗಿರಮಲ್ಲಪ್ಪ ಕೈ ಚಾಚಿದ. "ತಾರವ್ವಾ ಅದನ್ನ. ಅಕಿದು ಏನೂ ಹೊರಗ ಉಳಿಯೂದು ಬ್ಯಾಡ."

ಹೊಲದಲ್ಲಿ ತೋಡಿದ ಕುಣಿಯಲ್ಲಿ ಹೊಳೆವ್ವನನ್ನು ಕೂರಿಸಿ, ಅವಳ ಮಡಿಲಲ್ಲಿ ಅವನೇ ಡಬ್ಬಿಯೊಳಗಿನ ಶೀಷೆಯನ್ನು ಇಟ್ಟ. ಮೇಲಿನ ಹಿಮ ಬಿಸಿಲಿಗೆ ಆಗಲೇ ಕರಗಿ ಸೀರೆ ಒದ್ದೆಯಾಗತೊಡಗಿತ್ತು. ಪೂನಮ್ ಯಾರ ಕೈಗೂ ಬಿಡದೆ ತಾನೇ ಬೊಗಸೆಯಿಂದ ಮಣ್ಣು ಎಳೆದಳು. ಅವಳ ಪಕ್ಕದಲ್ಲಿ ದಾನೇಶ್ವರಿಯೂ ಮಂಡಿಯೂರಿ ಮಣ್ಣು ಎಳೆಯುತ್ತಿದ್ದಳು. ಪೂನಮ್ ಬೇಡವೆನ್ನಲಿಲ್ಲ.

ಎಲ್ಲರೂ ಬೋರಿನ ಹತ್ತಿರ ಕೈಕಾಲು ತೊಳೆಯುವಾಗ ಊರ ಡಾಕ್ಟರು ಮೋಟರ್ ಸೈಕಲ್ ಮೇಲೆ ಬಂದರು. ಕೈಯಲ್ಲಿ ಹಾರವಿತ್ತು.

"ತಡಾ ಆತು. ಪಾಪ, ಛಲೋ ಹೆಣ್ಮಗಳು. ನಾ ಅಂತೂ ಎಲ್ಲಾ ಸ್ಟ್ರಾಂಗ್ ಔಷಧಾನ ಕೊಟ್ಟಿದ್ದೆ."

ಗಿರಮಲ್ಲಪ್ಪ ಅವರ ಮುಖ ನೋಡಲಿಲ್ಲ. ಬಸಗೊಂಡಪ್ಪ ಮಾತ್ರ ಹೆಗಲ ವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಹತ್ತಿರ ಹೋದ. "ಸಾಹೇಬ್ರ, ನನಗೂ ನಾಕ ದಿನದಿಂದ ನೆಗಡಿ ಹತ್ತೇತ್ರಿ."

ಡಾಕ್ಟರು ಜೇಬಿನಿಂದ ಚೀಟಿ ತೆಗೆದು, ಗಾಡಿಯ ಸೀಟಿನ ಮೇಲಿಟ್ಟು ಬರೆದರು. ಬಸಗೊಂಡಪ್ಪ ಕೈ ಚಾಚುವಷ್ಟರಲ್ಲಿ ಪೂನಮ್ ಅದನ್ನು ಕಸಿದಳು. ಓದಿದಳು. ಅವ್ವನಿಗೆ ಬರೆದುಕೊಟ್ಟಿದ್ದ ಗುಳಿಗೆಯ ಆ ಹೆಸರು ಅವಳಿಗೆ ಬಾಯಿಪಾಠವಾಗಿತ್ತು.

"ಏ ಹುಡುಗಿ, ಕೊಡ ಇಲ್ಲೆ."

"ಕೊಡವಾ, ದೊಡ್ಡವರ ಅದಾರ," ಎಂದ ಬಸಗೊಂಡಪ್ಪ.

ಇನ್ನೂ ತೊಳೆದು ಮುಗಿಯದ ಕೈಯಲ್ಲೇ ಅವಳು ಚೀಟಿಯನ್ನು ಹಿಂಡಿ ಮುಷ್ಟಿ ಬಿಗಿದಳು. ಬೆರಳ ಸಂದಿಯಿಂದ ಕುಣಿಯ ಕೆಂಪು ಕೆಸರು ತೊಟ್ಟಿಕ್ಕತೊಡಗಿತು. ಅದರಲ್ಲಿ ನೀಲಿ ಶಾಯಿಯ ಎಳೆಯೊಂದು ಇಳಿಯುತ್ತಿತ್ತು.