ದಾರ ಹಿಡಿದ ಸಾಲು

"ಚಪ್ಲಿ ಆಚೆ ಬುಡಮ್ಮ! ಕಾರ್ಪೆಟ್ಟು ಕಣೇ ಇದು, ನಿಮ್ಮೂರ ತಿಪ್ಪೆ ಅಲ್ಲ."

ಎಂಜಿನಿಯರ್ ಮಹದೇವಪ್ರಸಾದ್ ಗದರಿದ ಮೇಲೆ ಶಿವನಂಜಮ್ಮ ಬನ್ನಿಮಂಟಪದ ಸಭಾಂಗಣದ ಹೊರಗೆ ಚಪ್ಪಲಿ ಬಿಟ್ಟಳು. ಜೊತೆಗೆ ಬಂದಿದ್ದ ಕೂಲಿಯಾಳು ಬೀರಯ್ಯನೂ ಬಿಟ್ಟ. ಎಂಜಿನಿಯರ್ ಬೂಟಿನಲ್ಲೇ ಒಳನಡೆದರು. ಒಳಗೆ ಬ್ಯಾನರು: ‘ಹುಲ್ಲಿನಿಂದ ಗುಡ್ಡದ ನೆರೆಗೆ ತಡೆ’.

ಹೋದ ವರ್ಷ ಜೂನ್‌ನಲ್ಲಿ ಇಪ್ಪತ್ತೆರಡು ಕೂಲಿಯಾಳುಗಳು ತಮ್ಮ ಹಳ್ಳಿಯ ಮೇಲಿನ ಗುಡ್ಡದಲ್ಲಿ ಲಾವಂಚದ ಹುಲ್ಲು ನೆಟ್ಟಿದ್ದರು. ಮೇಸ್ತ್ರಿ ಶಿವನಂಜಮ್ಮ. ಇಳಿಜಾರಿಗೆ ಅಡ್ಡ ನೆಟ್ಟರೆ ಮಾತ್ರ ಹುಲ್ಲು ನೀರು ತಡೆಯುತ್ತದೆ ಎಂದು ಅವಳು ಹೇಳಿದ್ದಳು. ಡ್ರೋನ್ ಚಿತ್ರದಲ್ಲಿ ರಸ್ತೆಯಿಂದ ನೆತ್ತಿಯವರೆಗೆ ನೇರ ಸಾಲು ಕಾಣಬೇಕೆಂದು ಮಹದೇವಪ್ರಸಾದ್ ತಾವೇ ದಾರ ಹಿಡಿದು ಮೇಲಿಂದ ಕೆಳಕ್ಕೆ ನೆಡಿಸಿದರು. ಆಗಸ್ಟ್ ಹನ್ನೊಂದರ ಮಳೆಗೆ ಸಾಲುಗಳ ನಡುವಿನ ಮಣ್ಣು ಕೊರೆದು ಕಾಲುವೆಗಳಾದವು. ಮೂರು ಮನೆ ಕೊಚ್ಚಿಹೋದವು. ಒಂದರಲ್ಲಿ ಶಿವನಂಜಮ್ಮನ ಮಗಳು ಕುಸುಮ ಇದ್ದಳು.

"ಗೊತ್ತಿಲ್ದೆ ಉದ್ದಕ್ಕೆ ನೆಟ್ಬುಟ್ಟೋ ಅಂತ ಮೈಕಲ್ಲಿ ಹೇಳು, ಸಾಕು. ವರದಿಗೆ ಅಷ್ಟು ಬೇಕು," ಎಂದರು ಮಹದೇವಪ್ರಸಾದ್.

"ನನ್ ಮಗಳ್ನ ನಾನೇ ಕೊಂದೆ ಅನ್ಬೇಕಾ ಬುದ್ದಿ?"

"ಹೇಳ್ದಿದ್ರೆ ಈ ಸಲ ನಿಮ್ಮೂರಿಗೆ ಒಂದು ಕಂತೆ ಸಸಿನೂ ಬರಲ್ಲ. ಉಳಿದ ಮನೆಗಳೂ ಹೋಗ್ಲಿ."

"ದಾರ ಇಡ್ದೋನು ಈ ಸೂಳೆಮಗ, ತಪ್ಪು ನಮ್ದಂತೆ," ಬೀರಯ್ಯ ಹಲ್ಲು ಕಚ್ಚಿದ.

ಅವಳ ಹೆಸರು ಕೂಗಿದರು. ಮೈಕಿನ ಪಕ್ಕದ ಮೇಜಿನ ಮೇಲೆ ಮಣ್ಣು ಮೆತ್ತಿದ ಪುಟ್ಟ ಗುಡ್ಡದ ಮಾದರಿ, ಬುಡದಲ್ಲಿ ರಟ್ಟಿನ ಮನೆಗಳು, ಪಕ್ಕದಲ್ಲಿ ನೀರಿನ ಜಗ್ಗು. ಗುಡ್ಡದ ಹುಲ್ಲನ್ನು ಸರಿಯಾಗಿ ಅಡ್ಡಲಾಗಿಯೇ ನೆಟ್ಟಿದ್ದರು.

ಶಿವನಂಜಮ್ಮ ಅದನ್ನೇ ನೋಡಿದಳು. ಮೈಕ್ ಹಿಡಿಯಲಿಲ್ಲ. ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ಕಿತ್ತು, ನೆತ್ತಿಯಿಂದ ಬುಡಕ್ಕೆ ನೇರ ಸಾಲಾಗಿ ಚುಚ್ಚತೊಡಗಿದಳು. ಸಭೆಯಲ್ಲಿ ಯಾರೋ ನಕ್ಕರು.

"ಏಯ್, ಮುಟ್ಬೇಡ! ಏನ್ ಮಾಡ್ತಿದ್ದೀಯೇ?"

"ನೀವು ದಾರ ಇಡ್ದಂಗೇ ನೆಟ್ಟಿವ್ನಿ ಬುದ್ದಿ. ಒಂದು ಸಾಲೂ ಸೊಟ್ಟಗಿಲ್ಲ, ನೋಡ್ಕಳಿ."

ಜಗ್ಗೆತ್ತಿ ನೆತ್ತಿಯ ಮೇಲೆ ಸುರಿದಳು. ಸಾಲುಗಳ ನಡುವೆ ಮಣ್ಣು ಕೊರೆಯಿತು. ರಟ್ಟಿನ ಮನೆಗಳು ಮಗುಚಿ ಮೇಜಿನಿಂದ ಬಿದ್ದವು. ಕೆಂಪು ನೀರು ಕಾರ್ಪೆಟ್ಟಿನ ಮೇಲೆ ಮಹದೇವಪ್ರಸಾದರ ಬೂಟಿನತನಕ ಹರಿಯಿತು.

ಶಿವನಂಜಮ್ಮ ಖಾಲಿ ಜಗ್ಗನ್ನು ಅವರ ಮುಂದೆ ಚಾಚಿದಳು.

"ಇನ್ನೊಂದು ಜಗ್ಗು ತರ್ಸಿ. ಅವತ್ತಿನ ಮಳೆ ಇಷ್ಟಕ್ಕೇ ನಿಂತಿರ್ಲಿಲ್ಲ."