ಐವತ್ತೊಂದನೆಯ ಪುಟ

ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ವಕೀಲೆ ಹತ್ತು ಗಂಟೆಗೆ ಬರುವವಳಿದ್ದಳು. ನಾನು ಏಳಕ್ಕೇ ಆಫೀಸಿನ ಬೀಗ ತೆಗೆದು ಡ್ಯೂಯಿ ಕಾಂಗಾಸ್‌ನ ಕಡತವನ್ನು ಮೇಜಿನ ಮೇಲೆ ಬಿಚ್ಚಿಕೊಂಡೆ. ಇಪ್ಪತ್ತಮೂರು ವರ್ಷದಿಂದ ವಕೀಲ ಐನಾರ್ ಹಾಪಲಾ ಅವರ ಕಚೇರಿಯಲ್ಲಿ ಟೈಪು, ಗುಮಾಸ್ತಿಕೆ, ಕಡತ ಎಲ್ಲವೂ ನನ್ನದೇ. ಹೊರಗಿನವರ ಕಣ್ಣಿಗೆ ಬೀಳುವ ಮೊದಲು ಪ್ರತಿ ಕಾಗದವನ್ನೂ ನಾನು ಒಮ್ಮೆ ನೋಡಿರಬೇಕು. ಇಲ್ಲವಾದರೆ ಆ ದಿನ ನನಗೆ ಊಟ ಸೇರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ನಮ್ಮೂರಿನಾಚೆಯ ಕಾಡಿನಲ್ಲಿ ಬೇಟೆಗಾರರ ಮರದ ಮನೆಯೊಂದು ಸುಟ್ಟು, ಒಳಗಿದ್ದವನು ಸತ್ತಿದ್ದ. ಬೆಂಕಿ ಇಟ್ಟವನು ಡ್ಯೂಯಿ ಎಂದು ಜ್ಯೂರಿ ತೀರ್ಪು ಕೊಟ್ಟಿತು. ಶಿಕ್ಷೆ, ಸಾಯುವ ತನಕ ಜೈಲು. ಆದರೆ ವಿಚಾರಣೆಗೆ ಮೊದಲೇ ಕ್ಯಾನ್ಸರಿನಿಂದ ತೀರಿಕೊಂಡ ಇನ್ನೊಬ್ಬ, ಬೆಂಕಿ ಇಟ್ಟವನು ತಾನೇ ಎಂದು ತನ್ನ ನಾದಿನಿಗೊಮ್ಮೆ, ಆಸ್ಪತ್ರೆಯ ನರ್ಸಿಗೊಮ್ಮೆ ಹೇಳಿದ್ದ. ಕೌಂಟಿ ಜಡ್ಜು ಆ ಇಬ್ಬರನ್ನೂ ಜ್ಯೂರಿಯ ಮುಂದೆ ಬಾಯಿ ತೆರೆಯಲು ಬಿಡಲಿಲ್ಲ. ಸತ್ತವನನ್ನು ಪಾಟೀಸವಾಲು ಮಾಡಲಾಗದು, ಹಾಗಾಗಿ ಅದು ಬರೀ ಕೇಳಿದ ಮಾತು, ಸಾಕ್ಷ್ಯವಲ್ಲ ಎಂದರು. ಮೇಲ್ಮನವಿಯನ್ನು ಐನಾರ್ ಬರೆದರು. ಯಾವ ಸಾಕ್ಷ್ಯ ಬೇಕು, ಯಾವುದು ಬೇಡ ಎನ್ನುವುದು ಕೆಳಗಿನ ಜಡ್ಜರ ವಿವೇಚನೆಗೆ ಬಿಟ್ಟದ್ದು ಎಂದು ರಾಜ್ಯದ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಡ್ಯೂಯಿ ಜೈಲಿನಲ್ಲೇ ಕುಳಿತು, ಕೈಬರಹದಲ್ಲಿ, ಕೇಂದ್ರ ಸರ್ಕಾರದ ಫೆಡರಲ್ ಕೋರ್ಟಿಗೆ, ತನ್ನನ್ನು ಜೈಲಿನಲ್ಲಿಟ್ಟಿರುವುದೇ ಕಾನೂನಿಗೆ ವಿರುದ್ಧವೆಂದು, ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಕೊಂಡ. ಅವನ ಪರ ವಾದಿಸಲು ಆ ಕೋರ್ಟೇ ನೇಮಿಸಿದ ವಕೀಲೆ ಟ್ರೂಡಿ ಬೂಸ್ಮಾ.

ಕಡತದ ತಳದಲ್ಲಿ ಮೇಲ್ಮನವಿಯ ಕರಡು ಸಿಕ್ಕಿತು. ಐವತ್ತು ಪುಟ ಮೀರಬಾರದೆಂಬ ನಿಯಮ. ನಮ್ಮದು ಐವತ್ತೊಂದನೆಯ ಪುಟಕ್ಕೆ ನಾಲ್ಕು ಸಾಲು ಚೆಲ್ಲಿತ್ತು. ನಲವತ್ತೆರಡನೆಯ ಪುಟದ ಒಂದು ಪ್ಯಾರಾದ ಸುತ್ತ ಪೆನ್ಸಿಲ್ ಗೆರೆ, ಅಂಚಿನಲ್ಲಿ ನನ್ನದೇ ಅಕ್ಷರ: ‘ಹೇಳಿದ್ದೇ ಮತ್ತೆ. ತೆಗೆಯಬಹುದು.’

ಆ ದಿನ ನೆನಪಿಗೆ ಬಂತು. ಸಲ್ಲಿಸಲು ಕೊನೆಯ ದಿನ. ಐನಾರ್ ಕೊನೆಯ ಹಾಳೆಗೆ ಮೊದಲೇ ಸಹಿ ಹಾಕಿ, “ನಾಲ್ಕು ಸಾಲು ತಾನೆ, ನೀನೇ ಎಲ್ಲಾದ್ರೂ ಕತ್ತರಿಸು ಲೋರ್ನಾ. ನನಗಿಂತ ನಿನ್ನ ಕೈ ಚೆನ್ನಾಗಿದೆ” ಎಂದು ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗಿದ್ದರು. ನಾನು ಕಾಲೇಜಿನಲ್ಲಿ ಸಾಹಿತ್ಯ ಓದಿದವಳು. ವಿಚಾರಣೆ ಅನ್ಯಾಯದ್ದಾಗಿತ್ತು ಎಂದು ಹಿಂದಿನ ಮೂರು ಪ್ಯಾರಾಗಳೂ ಹೇಳುತ್ತಿದ್ದವು. ಇದೂ ಅದನ್ನೇ ಹೇಳುತ್ತಿತ್ತು: ಈ ಸಾಕ್ಷ್ಯವನ್ನು ತಡೆದು, ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಆರೋಪಿಗೆ ಕೊಟ್ಟಿರುವ ನ್ಯಾಯವಾದ ವಿಚಾರಣೆಯ ಹಕ್ಕನ್ನು ಕಸಿಯಲಾಗಿದೆ ಎಂದು. ಪುನರುಕ್ತಿ ಕಂಡರೆ ನನಗೆ ಆಗುವುದಿಲ್ಲ. ತೆಗೆದೆ. ವಾದ ಚೊಕ್ಕಟವಾಯಿತೆಂದು ಸಂತೋಷವನ್ನೂ ಪಟ್ಟಿದ್ದೆ.

ಕರಡನ್ನು ಕಡತದೊಳಗೆ ಮತ್ತೆ ಇಡಲಿಲ್ಲ. ನನ್ನ ಮೇಜಿನ ಖಾನೆಗೆ ಸೇರಿಸಿದೆ.

ಟ್ರೂಡಿ ಬಂದಳು. ಮೂವತ್ತೈದರ ಆಸುಪಾಸು, ಬೂಟಿನ ತುಂಬ ಹಿಮ. ಐನಾರ್ ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ತಳ್ಳಿದರು. “ತಿನ್ನಮ್ಮಾ. ಫೆಡರಲ್ ಸರ್ಕಾರ ನಿಮಗೆ ಊಟ ಹಾಕಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ.”

ಅವಳು ನಕ್ಕು ಒಂದು ತುಂಡು ಮುರಿದುಕೊಂಡಳು. “ಹಾಪಲಾ ಅವರೇ, ಸರ್ಕಾರಿ ವಕೀಲರು ಸರಿಯಾದ ಜಾಗಕ್ಕೇ ಹೊಡೆದಿದಾರೆ. ಕೌಂಟಿ ಜಡ್ಜು ತಪ್ಪು ಮಾಡಿದ್ರು ಅಂತಾನೇ ಇಟ್ಕೊಳ್ಳಿ. ಫೆಡರಲ್ ಜಡ್ಜಿಗೆ ಅದು ಬೇಕಾಗಿಲ್ಲ. ಸಾಕ್ಷ್ಯದ ನಿಯಮ ರಾಜ್ಯದ ಮನೆ ವಿಷಯ. ಸಂವಿಧಾನ ಮುರಿದಿದ್ರೆ ಮಾತ್ರ ಇವರು ಬಾಗಿಲು ತೆಗೆಯೋದು. ಅದನ್ನೂ ಮೊದಲು ರಾಜ್ಯದ ಕೋರ್ಟಿಗೆ ಹೇಳಿರಬೇಕು. ನಿಮ್ಮ ಮನವೀಲಿ ‘ಅನ್ಯಾಯ’ ಅಂತ ಹದಿನಾರು ಸಲ ಇದೆ, ಎಣಿಸಿದೀನಿ. ‘ಸಂವಿಧಾನ’ ಒಂದು ಸಲಾನೂ ಇಲ್ಲ.”

“ಬರೆದಿದ್ದೆನಲ್ಲ” ಎಂದರು ಐನಾರ್. ಹುಬ್ಬು ಗಂಟಿಕ್ಕಿತು. “ಬರೆದ ಹಾಗೆ ನೆನಪಿದೆ.”

“ಇಲ್ಲ. ಅದಿಲ್ಲದೇ ಹೋದ್ರೆ ಅವನ ಅರ್ಜಿ ಒಳಗಡೆ ಏನಿದೆ ಅಂತ ಕೂಡ ಯಾರೂ ನೋಡಲ್ಲ.”

ನನ್ನ ಮೊಣಕಾಲು ಖಾನೆಗೆ ತಗುಲಿಕೊಂಡೇ ಇತ್ತು. ಸುಮ್ಮನಿದ್ದರೆ ಐನಾರ್ ಅವರ ನೆನಪು ಕೈಕೊಟ್ಟಿತೆಂದಾಗುತ್ತದೆ. ಎಪ್ಪತ್ತೇಳು ವರ್ಷ, ಯಾರೂ ಆಶ್ಚರ್ಯಪಡುವುದಿಲ್ಲ. ಹೀಗೆ ಯೋಚಿಸುತ್ತಿದ್ದೇನೆಂದು ನನಗೇ ನಾಚಿಕೆಯಾಯಿತು. ಖಾನೆ ಎಳೆದು ಕರಡನ್ನು ಮೇಜಿನ ಮೇಲಿಟ್ಟೆ.

“ಬರೆದಿದ್ರಿ. ನಾನು ತೆಗೆದೆ.”

ಐನಾರ್ ಕನ್ನಡಕ ಹಾಕಿಕೊಂಡು ಪೆನ್ಸಿಲ್ ಗೆರೆಯೊಳಗಿನ ಪ್ಯಾರಾ ಓದಿದರು. ಆಮೇಲೆ ಟ್ರೂಡಿಯ ಕಡೆ ತಿರುಗಿದರು. “ಇವಳದ್ದೇನೂ ತಪ್ಪಿಲ್ಲ. ನಾನೇ ಹೇಳಿ ತೆಗೆಸಿದ್ದು, ಬೇಕು ಅಂತಲೇ. ಇಲ್ಲಿನ ಜಡ್ಜುಗಳಿಗೆ ಸಂವಿಧಾನ ಅಂದ್ರೆ ಮೈ ಉರಿಯುತ್ತೆ. ಅದಕ್ಕೆ ರಾಜ್ಯದ ನಿಯಮದ ಮೇಲಷ್ಟೇ ವಾದ ನಿಲ್ಲಿಸಿದೆ. ಹಾಗಂತ ಅಫಿಡವಿಟ್ ಬರ್ಕೊಡ್ತೀನಿ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಕತೆಯೂ ಒಂದು ಸುಳ್ಳಾಗುತ್ತದೆ.

ಟ್ರೂಡಿ ಬಟ್ಟಲು ಕೆಳಗಿಟ್ಟಳು. “ಹಾಗೆ ಬರ್ಕೊಟ್ರೆ ಡ್ಯೂಯಿ ಕತೆ ಮುಗೀತು.”

“ಯಾಕೆ?”

“ವಕೀಲ ಯೋಚನೆ ಮಾಡಿ ಒಂದು ವಾದ ಬಿಟ್ಟ ಅಂದ್ರೆ ಅದು ಅವನ ತಂತ್ರ. ಸೋತ ತಂತ್ರಾನೂ ತಂತ್ರವೇ, ಕೋರ್ಟು ಅದನ್ನ ಮುಟ್ಟಲ್ಲ. ಯಾರೂ ಯೋಚನೆ ಮಾಡ್ಲಿಲ್ಲ, ಅದು ಹಾಗೇ ಬಿದ್ದು ಹೋಯ್ತು ಅಂದ್ರೆ ಮಾತ್ರ, ಇವನಿಗೆ ತಕ್ಕ ವಕೀಲನೇ ಇರಲಿಲ್ಲ ಅಂತ ರಾಜ್ಯದ ಕೋರ್ಟಿಗೆ ಹೋಗಿ ಕೇಳಬಹುದು.”

“ಅಂದ್ರೆ ನಾನು ಜಾಣ ಆದ್ರೆ ಅವನು ಒಳಗೇ ಇರ್ತಾನೆ. ಪೆದ್ದ ಆದ್ರೆ ಹೊರಗೆ ಬರಬಹುದು.”

“ಪೆದ್ದ ಅಂತ ಬರೀಬೇಕಾಗಿಲ್ಲ. ಓದದೆ ಸಹಿ ಹಾಕಿದೆ ಅಂತ ಬರೆದ್ರೆ ಸಾಕು.”

“ಅದು ಪೆದ್ದತನಕ್ಕಿಂತ ಕಡೆಯಮ್ಮ.” ಐನಾರ್ ಕರಡನ್ನು ಅವಳ ಕಡೆ ತಳ್ಳಿದರು.

“ಅವತ್ತು ಎಲ್ಲಿದ್ರಿ ಅಂತ ಕೇಳ್ತಾರೆ.”

“ಮೀನು ಹಿಡಿಯೋಕೆ ಹೋಗಿದ್ದೆ.”

“ಸಿಕ್ತಾ?”

“ಒಂದೂ ಇಲ್ಲ. ಅದನ್ನೂ ಬರ್ಕೊ.”

ನನ್ನ ಅಫಿಡವಿಟ್ಟನ್ನು ಮೂರು ಸಲ ಬರೆದೆ. ಮೊದಲಿನದರಲ್ಲಿ ‘ವಕೀಲರ ಸೂಚನೆಯ ಮೇರೆಗೆ’ ಎಂದಿತ್ತು, ಹೊಡೆದುಹಾಕಿದೆ. ಎರಡನೆಯದರಲ್ಲಿ ‘ಅಚಾತುರ್ಯದಿಂದ’. ಅದೂ ನಿಜವಲ್ಲ, ನಾನು ಚತುರತೆಯಿಂದಲೇ ಮಾಡಿದ್ದೆ. ಕೊನೆಗೆ ಉಳಿದದ್ದು ಇಷ್ಟು: ‘ಆ ಪ್ಯಾರಾ ಯಾವ ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಪುಟ ಹೊಂದಿಸಲು ತೆಗೆದೆ. ಸಲ್ಲಿಸುವ ಮೊದಲು ಹಾಪಲಾ ಅದನ್ನು ನೋಡಲಿಲ್ಲ.’ ಐನಾರ್ ತಮ್ಮದನ್ನೂ ಬರೆದು ಸಹಿ ಹಾಕಿದರು. ಆ ವಾರವೆಲ್ಲ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಫೆಡರಲ್ ಜಡ್ಜು ಆರು ಸಾಲಿನ ಆದೇಶ ಹೊರಡಿಸಿದರು. ಅರ್ಜಿಯನ್ನು ವಜಾ ಮಾಡಿಲ್ಲ, ತಡೆದಿಟ್ಟಿದೆ. ಮೊದಲು ರಾಜ್ಯದ ಕೋರ್ಟಿಗೆ ಹೋಗಿ ಕೇಳಿ ಬನ್ನಿ. ಆದೇಶದ ಜೊತೆಗೆ ನನ್ನ ಅಫಿಡವಿಟ್ಟಿನ ಪ್ರತಿ ಡ್ಯೂಯಿಗೂ ಹೋಗುತ್ತದೆ. ಅವನ ತಾಯಿಗೆ ಅದು ಬೇರೆಯವರ ಬಾಯಿಂದ ತಿಳಿಯಬಾರದೆಂದು ಅದೇ ಮಧ್ಯಾಹ್ನ ಹೊರಟೆ.

ಇರ್ಮಾ ಕಾಂಗಾಸ್ ಕಡುಬಿನ ಹೂರಣಕ್ಕೆ ಟರ್ನಿಪ್ ಗಡ್ಡೆ ಹೆಚ್ಚುತ್ತಿದ್ದರು. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಚಾಕು ನಿಲ್ಲಿಸದೆ ಕೇಳಿಸಿಕೊಳ್ಳಬಲ್ಲರು. ನಾನು ಎಲ್ಲವನ್ನೂ ಹೇಳಿದೆ. ಚಾಕು ನಿಂತಿತು.

“ನಾಲ್ಕು ಸಾಲು” ಎಂದರು.

“ಹೌದು.”

“ಅದಿದ್ದಿದ್ರೆ ಬಿಡ್ತಿದ್ರಾ?”

“ಗೊತ್ತಿಲ್ಲ ಇರ್ಮಾ. ವಾದ ಕೇಳ್ತಿದ್ರು. ಅಷ್ಟು ಹೇಳಬಲ್ಲೆ.”

“ಎಂಟು ವರ್ಷ ನಿಮ್ಮ ಆಫೀಸಿಗೆ ಕ್ರಿಸ್ಮಸ್‌ಗೆ ಬ್ರೆಡ್ ಮಾಡಿ ಕಳಿಸಿದೀನಿ.”

“ಗೊತ್ತು.”

“ಚೆನ್ನಾಗಿತ್ತಾ?”

ಅವರು ಟರ್ನಿಪ್ ಹೋಳುಗಳನ್ನು ಪಾತ್ರೆಗೆ ಸುರಿದರು, ಕೈ ತೊಳೆದರು, ಒರೆಸಿಕೊಂಡರು.

“ಈಗ ರಾಜ್ಯದ ಕೋರ್ಟು ಇಲ್ಲ ಅಂದ್ರೆ?”

“ಮತ್ತೆ ಫೆಡರಲ್ ಕೋರ್ಟಿಗೆ. ಈ ಸಲ ಬಾಗಿಲಲ್ಲೇ ತಡೆಯೋದು ಕಷ್ಟ.”

“ಇನ್ನೆಷ್ಟು ವರ್ಷ ಅಂತ ನಾನು ಕೇಳಲ್ಲ.” ಅವರು ಫ್ರಿಜ್ಜಿನ ಮೇಲಿನಿಂದ ಒಂದು ಲಕೋಟೆ ತಂದು ಅದರಿಂದ ಹಾಳೆಯೊಂದನ್ನು ನನ್ನ ಮುಂದಿಟ್ಟರು. ಜೈಲಿನಲ್ಲಿ ಕೈದಿಯನ್ನು ಭೇಟಿಮಾಡಲು ಒಪ್ಪಿಗೆ ಕೇಳುವ ಫಾರಂ. “ನನ್ನ ತಂಗಿಗೆ ಅಂತ ತರಿಸಿದ್ದೆ. ಅವಳು ಬರಲ್ಲ. ನೀನು ತುಂಬು. ನನಗೆ ಹೇಳಿದ್ದನ್ನ ಅವನ ಎದುರು ಕೂತು ಹೇಳು.”

“ಒಪ್ಪಿಗೆ ಬರೋಕೆ ವಾರಗಟ್ಟಲೆ ಆಗುತ್ತೆ.”

“ಅವನು ಅಲ್ಲೇ ಇರ್ತಾನೆ. ಫಾರಂ ತುಂಬೋದು ನಿನಗೆ ಬರುತ್ತಲ್ಲ?”

ಹೆಸರು, ವಿಳಾಸ, ಜನ್ಮದಿನಾಂಕ ಬರೆದೆ. ಮುಂದಿನ ಚೌಕದಲ್ಲಿ ಕೈದಿಗೂ ನಿಮಗೂ ಏನು ಸಂಬಂಧ ಎಂದು ಕೇಳಿತ್ತು.

“ಪರಿಚಯದವಳು ಅನ್ನಲಾ?”

“ಅವನು ನಿನ್ನ ಮುಖಾನೇ ನೋಡಿಲ್ಲ” ಎಂದರು ಇರ್ಮಾ, ಹಿಟ್ಟು ನಾದಲು ಶುರುಮಾಡುತ್ತ. “ಇದ್ದದ್ದನ್ನ ಬರಿ.”

ಚೌಕ ಚಿಕ್ಕದಿತ್ತು. ಅಕ್ಷರ ಸಣ್ಣ ಮಾಡಿ ಬರೆದೆ: ಅವನ ಮೇಲ್ಮನವಿಯನ್ನು ಟೈಪ್ ಮಾಡಿದವಳು.