ಹಸಿ ಭಟ್ಟಿ

"ಆ ಮೂಲಿಗಿ ಇನ್ನೊಂದ್ ಕೈ ಸುಣ್ಣ ಬಳಿಯೇ, ಸಾಹೇಬ್ರ ಕಣ್ಣಿಗೆ ಮೊದಲ ಬೀಳೋದ ಅದು!" ಎಂದು ಶೇಖಮ್ಮ ಅಂಗಳದಿಂದಲೇ ಕೂಗಿದಳು. ಸೊಸೆ ಯಮನಮ್ಮ ಕಂಕುಳಲ್ಲಿದ್ದ ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಂಡು ಬಟ್ಟೆಯ ಚೂರನ್ನು ಸುಣ್ಣದ ಗಡಿಗೆಗೆ ಅದ್ದಿದಳು. ಓಣಿಯ ತುದಿಯಲ್ಲಿ ಆಗಲೇ ಗದ್ದಲ ಎದ್ದಿತ್ತು. ರಾಯಚೂರಿನ ಮೋಟಾರು ಬಂದಿತ್ತು, ಕಂದಾಯದ ಗಿರ್ದಾವರ್ ಸಾಹೇಬರು ಇಳಿದಿದ್ದರು.

ಹಿಂದಿನ ಅಮಾವಾಸ್ಯೆಯ ಮಳೆಗೆ ಮಾನ್ವಿಯ ಹಳ್ಳ ಈ ಓಣಿಗೇ ನುಗ್ಗಿತ್ತು. ಕುಂಬಾರ ಗದ್ದೆಪ್ಪನ ಮಡಕೆಗಳು ಸುಡುವ ಮೊದಲೇ ಕರಗಿ ಮತ್ತೆ ಮಣ್ಣಾಗಿದ್ದವು. ಗಾದಿ ಹೊಲಿಯುವ ಅಮೀರ್ ಬೀಯ ಅರಳೆಯೆಲ್ಲ ತೇಲಿಹೋಗಿ ಹಳ್ಳದ ದಂಡೆಯ ಜಾಲಿಗಿಡಗಳಿಗೆ ಸಿಕ್ಕಿಕೊಂಡಿತ್ತು. ಶೇಖಮ್ಮ ಮಂಡಕ್ಕಿ ಹುರಿದು ಮಾರುತ್ತಿದ್ದ ಮಂಡಾಳು ಭಟ್ಟಿ ಕುಸಿದಿತ್ತು. ಅಕ್ಕಿ ಹುರಿಯುವ ಕಬ್ಬಿಣದ ಕಡಾಯಿ ಎಲ್ಲಿಗೆ ಹೋಯಿತೋ ಹುಡುಕಿದರೂ ಸಿಗಲಿಲ್ಲ. ಯುದ್ಧದ ಕಾಲ. ಕಬ್ಬಿಣದ ಮೊಳೆ ಬೇಕೆಂದರೂ ಅಂಗಡಿಯವನು ನಗುತ್ತಿದ್ದ. ಯಮನಮ್ಮನ ಗಂಡ ಉರುಕುಂದಪ್ಪ ರಾಯಚೂರಿಗೆ, ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಗೆ ಕೂಲಿಗೆ ಹೋಗಿದ್ದ. ಭಟ್ಟಿ ಮತ್ತೆ ಹೊತ್ತದಿದ್ದರೆ ಅತ್ತೆ, ಸೊಸೆ, ಮಗು ಎಲ್ಲರೂ ಅವನ ಹಿಂದೆಯೇ ಆ ಹತ್ತಿಯ ಧೂಳಿಗೆ ಹೋಗುವುದೆಂದು ಮಾತಾಗಿತ್ತು. ಜಿನ್ನಿನ ಮಕ್ಕಳ ಕೆಮ್ಮನ್ನು ಯಮನಮ್ಮ ಕೇಳಿ ಬಂದವಳು. ಅದು ನೆನಪಾದಾಗೆಲ್ಲ ಮಗುವಿನ ಬೆನ್ನನ್ನು ಸುಮ್ಮನೆ ಸವರುತ್ತಿದ್ದಳು.

ಹೀಗಿರುವಾಗ ಡಂಗುರ ಸಾರಿದ್ದರು. ಹಳ್ಳದ ನೀರಿಗೆ ಕಸುಬು ಕಳೆದುಕೊಂಡವರಿಗೆ ಸರ್ಕಾರದ ಉಗ್ರಾಣದಿಂದ ಸಾಮಾನು ಸಿಗುತ್ತದೆ, ಸಾಹೇಬರು ಬಂದು ಕಣ್ಣಾರೆ ನೋಡಿ ಬರೆದುಕೊಳ್ಳುತ್ತಾರೆ ಎಂದು. ಕೇಳಿದ್ದೇ ತಡ, ಓಣಿಯವರೆಲ್ಲ ಸೆರಗು ಬಿಗಿದು ನಿಂತರು. ದೊಡ್ಡವರು ಬರುತ್ತಾರೆಂದ ಮೇಲೆ ಕೆಸರಿನಲ್ಲಿ ನಿಲ್ಲಿಸಲಾದೀತೇ? ರಾಡಿಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹಳ್ಳಕ್ಕೆ ಚೆಲ್ಲಿದರು. ನೆಲ ಸಾರಿಸಿದರು, ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಶೇಖಮ್ಮ ತಾನೇ ಮಣ್ಣು ತುಳಿದು ಭಟ್ಟಿ ಕಟ್ಟಿ, ಮೇಲೆ ಸಗಣಿ ಬಳಿದು, ರಂಗೋಲಿಯನ್ನೂ ಎಳೆದಳು. ಬರಿ ಭಟ್ಟಿ ಬೋಳಾಗಿ ಕಾಣುತ್ತದೆಂದು ಅಕ್ಕಿ ಗಿರಣಿಯ ಶರಣಯ್ಯನ ಮನೆಯಿಂದ ಕಡಾಯಿ ಕೇಳಿ ತಂದು ಮೇಲೆ ಕೂಡಿಸಿದಳು.

"ಅತ್ತಿ, ಬಿದ್ದದ್ದು ಬಿದ್ದಂಗ ಇದ್ರ ಚಲೋ ಅಲ್ಲೇನು?" ಎಂದು ಯಮನಮ್ಮ ಒಮ್ಮೆ ಕೇಳಿದ್ದಳು.

"ಮನಿಗೆ ಬಂದವ್ರಿಗೆ ಹೊಲಸು ತೋರಸ್ತಾರೇನಬೇ? ನಿನ್ನ ತವರಿನ್ಯಾಗ ಹಂಗ ಇರಬೇಕು," ಎಂದಿದ್ದಳು ಶೇಖಮ್ಮ.

ಸಾಹೇಬರು ಉದ್ದ ಶೇರ್ವಾನಿಯ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದೇ ಬಂದರು, ಕೆಸರಿರುತ್ತದೆಂದು. ಎರಡು ಮನೆ ದಾಟುವಷ್ಟರಲ್ಲಿ ಅದನ್ನು ಬಿಟ್ಟರು.

"ಅರೆ, ಹಳ್ಳ ಬಂದಿದ್ದು ಈ ಓಣಿಗೇನ್ರೋ? ಶಾದಿ ಮನಿ ಕಂಡಂಗ ಕಾಣಾಕತ್ತದ!"

ಎಲ್ಲರಿಗೂ ಖುಷಿಯೋ ಖುಷಿ. ಗದ್ದೆಪ್ಪ ಸಾಲಾಗಿ ಜೋಡಿಸಿದ ಮಡಕೆಗಳ ಮುಂದೆ ಮೀಸೆ ಸವರಿಕೊಂಡ. ಅಮೀರ್ ಬೀ ಕಟ್ಟೆಯ ಮೇಲೆ ಗಾದಿ ಹಾಸಿ, "ಕುಂದರ್ರಿ ಸಾಹೇಬ್, ಮೆತ್ತಗ ಅದ," ಎಂದಳು. ಸಾಹೇಬರು ಕೂರಲಿಲ್ಲ. ಮಡಕೆ ನೋಡಿದರು, ಗಾದಿ ಮುಟ್ಟಿದರು, ಏನೂ ಬರೆಯಲಿಲ್ಲ. ಶೇಖಮ್ಮನ ಭಟ್ಟಿಯ ಮುಂದೆ ನಿಂತು ಪೆನ್ನಿನ ಮುಚ್ಚಳ ಹಾಕಿದರು.

"ಭಟ್ಟಿ ಅದ. ಕಡಾಯಿ ಅದ. ಹಂಗಾದ್ರ ನುಕ್ಸಾನ ಎಲ್ಲದವ್ವಾ?"

ಸಾಹೇಬರು ಪೆನ್ನಿನ ತುದಿಯಿಂದ ಕಡಾಯಿಯನ್ನು ತಟ್ಟಿದರು.

"ಈ ಕಡಾಯಿ ನಿಮ್ಮದ ಏನು?"

ತನ್ನ ಒಲೆಯ ಮೇಲಿರುವುದು ಇನ್ನೊಬ್ಬರದೆಂದು ಶೇಖಮ್ಮ ಹೊರಗಿನವರ ಮುಂದೆ ಇಂದಿನವರೆಗೆ ಹೇಳಿದವಳಲ್ಲ. ಬಾಯಿ ತಾನಾಗಿಯೇ ತೆರೆಯಿತು. "ಮತ್ಯಾರದ್ರೀ? ನಮ್ಮದ!"



"ನಾ ಕಂಡದ್ದು ಬರೀಬೇಕವ್ವಾ. ಕಂಡದ್ದೆಲ್ಲಾ ಚಲೋನ ಅದ," ಎಂದು ಸಾಹೇಬರು ತಿರುಗಿದರು.

ಆಗ ಅಮೀರ್ ಬೀಗೆ ಎಚ್ಚರವಾಯಿತು. "ಯಾ ಅಲ್ಲಾ! ಲೇ ಗದ್ದ್ಯಾ, ಆ ರಾಡಿ ಎಲ್ಲಿ ಚೆಲ್ಲಿ ಬಂದ್ಯೋ? ಓಡೋ, ತಗೊಂಬಾರೋ!" ಗದ್ದೆಪ್ಪ ನಿಜವಾಗಿಯೂ ಬುಟ್ಟಿ ಹಿಡಿದು ಹಳ್ಳದ ಕಡೆ ಓಡಿದ.

"ಏ, ನಿಲ್ಲೋ!" ಸಾಹೇಬರು ಕೊಡೆ ಎತ್ತಿ ಕೂಗಿದರು. "ತಂದು ಸುರುವಿದ್ದು ನಾ ಬರಿಯಂಗಿಲ್ಲ!"

ಓಣಿಯ ಆಚೆ ಮೋಟಾರು ಹಾರ್ನ್ ಬಾರಿಸಿತು. ಪೆಟ್ರೋಲ್ ಸಿಗದ ಕಾಲದ, ಇದ್ದಿಲು ಸುಡುವ ಗಾಡಿ. ಒಮ್ಮೆ ಕಾವೇರಿದರೆ ಡ್ರೈವರ್ ಯಾರಿಗೂ ಕಾಯುವವನಲ್ಲ. ಸಾಹೇಬರು ಇನ್ನೂ ದೇವದುರ್ಗ ನೋಡಬೇಕಿತ್ತು.

ಕಡಾಯಿ ನಮ್ಮದಲ್ಲ ಎಂಬ ಮಾತು ಯಮನಮ್ಮನ ನಾಲಿಗೆಯ ತುದಿಗೆ ಬಂತು. ಅತ್ತೆಯ ಮುಖ ನೋಡಿದಳು. ಇಷ್ಟು ಜನರೆದುರು ಆ ಮುಖ ತಗ್ಗುವಂತೆ ಮಾಡುವುದು ಅವಳಿಂದ ಆಗಲಿಲ್ಲ. ಮಗು ಅವಳ ಹೆಗಲ ಮೇಲೆ ಜೊಲ್ಲು ಸುರಿಸುತ್ತಿತ್ತು.

"ಸಾಹೇಬ್ರ," ಎಂದಳು. "ಇಷ್ಟು ದೂರ ಬಂದೀರಿ. ಬಿಸಿ ಮಂಡಾಳು ತಿಂದು ಹೋಗ್ರಿ."

ಶೇಖಮ್ಮ ಸೊಸೆಯ ಮೊಣಕೈ ಚಿವುಟಿ ಪಿಸುಗುಟ್ಟಿದಳು. "ಭಟ್ಟಿ ಇನ್ನಾ ಹಸಿ ಅದಬೇ! ಉರಿ ಕೊಟ್ರ ಉಳಿತದೇನದು?"

"ಬಂದವ್ರನ್ನ ಹಂಗ ಕಳಸಾಕ ಆಗತದೇನತ್ತಿ?"

ತನ್ನದೇ ಮಾತು ತನಗೆ ತಿರುಗಿದಾಗ ಶೇಖಮ್ಮ ಮೊಣಕೈ ಬಿಟ್ಟಳು. ಸಾಹೇಬರೂ ಬೆಳಗಿನಿಂದ ಉಪವಾಸವಿದ್ದರೇನೋ, ನಿಂತರು.

ಯಮನಮ್ಮ ಮಗುವನ್ನು ಅಮೀರ್ ಬೀಯ ತೋಳಿಗೆ ಹಾಕಿ, ಭಟ್ಟಿಯ ಬಾಯಿಗೆ ಶೇಂಗಾ ಹೊಟ್ಟು ಸುರಿದು ಬೆಂಕಿ ಕೊಟ್ಟಳು. ಹೊಗೆ ಎದ್ದಿತು. ಕಡಾಯಿಗೆ ಹುರಿಯುವ ಉಸುಕು ಸುರಿದಳು; ಅದು ಕಾದು ಕೆಂಪೇರಿತು. ಅಟ್ಟದ ಮೇಲೆ ಉಳಿದಿದ್ದ ಹದ ಮಾಡಿದ ಅಕ್ಕಿಯನ್ನು ಬೊಗಸೆಯಲ್ಲಿ ತಂದು ಎರಚಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚಟ್, ಚಟ ಚಟ ಚಟ! ಕಡ್ಡಿ ಕಸಬರಿಗೆ ಆಡಿಸಿದಂತೆಲ್ಲ ಕಾಳು ಅರಳಿ ಅರಳಿ ಬೆಳ್ಳಗೆ ಉಬ್ಬಿ ಬಂದವು. ಓಣಿಯ ಜನ ಕಷ್ಟ ಮರೆತು ಹೋ ಎಂದರು. ಎಷ್ಟೋ ದಿನಗಳ ಮೇಲೆ ಆ ಸದ್ದು ಕೇಳಿ ಯಮನಮ್ಮನಿಗೂ ತಾನು ಯಾಕೆ ಬೆಂಕಿ ಹಚ್ಚಿದೆನೆಂಬುದು ಮರೆಯಿತು. ಬೆವರು ಒರೆಸಿಕೊಳ್ಳದೆ ನಕ್ಕಳು.

"ವಾಹ್, ಭಟ್ಟಿ ಜೋರದಲ!" ಸಾಹೇಬರು ಬೊಗಸೆ ಒಡ್ಡಿ, ಸಿಕ್ಕಷ್ಟನ್ನು ಬಾಯಿಗೆ ತುಂಬಿಕೊಂಡರು. ಮೋಟಾರು ಮತ್ತೆ ಕೂಗಿತು.

ಅಷ್ಟರಲ್ಲಿ ಭಟ್ಟಿಯ ಹೊಟ್ಟೆಯೊಳಗಿಂದ ಸುಂಯ್ ಎಂದು ಆವಿ ಬಂತು. ರಂಗೋಲಿಯ ನಡುವೆ ಒಂದು ಗೆರೆ ಬಿಟ್ಟಿತು. ಗೆರೆ ಅಗಲವಾಯಿತು. ಒಂದು ಬದಿ ಗೋಡೆ ಮೆಲ್ಲಗೆ, ದಣಿದವರು ಕೂತಂತೆ, ಕುಸಿಯಿತು; ಕಡಾಯಿ ಬಾಗಿತು.

"ಹಿಡೀರೋ!" ಶೇಖಮ್ಮ ಚೀರಿದಳು. "ಹಿಡೀರಲೇ, ಶರಣಯ್ಯನ ಕಡಾಯಿ! ಒಡದ್ರ ಏನಂತ ಹೇಳಲಿ ಆ ಮನಷ್ಯಾಗ!" ಯಾರೂ ಮುಂದೆ ಬರುವ ಮೊದಲೇ ಸೆರಗು ಸುತ್ತಿದ ಕೈಯಿಂದ ತಾನೇ ಕಡಾಯಿಯ ಕಿವಿ ಹಿಡಿದಳು. ಗದ್ದೆಪ್ಪ ಇನ್ನೊಂದು ಕಿವಿಗೆ ಬುಟ್ಟಿ ಒಡ್ಡಿದ. ಇಬ್ಬರೂ ಅದನ್ನು ನೆಲಕ್ಕೆ ಇಳಿಸಿದರು. ಬಿಸಿ ಉಸುಕಿನ ಜೊತೆ ಮಂಡಾಳು ಅಂಗಳದ ತುಂಬ ಚೆಲ್ಲಿತು.

ಸಾಹೇಬರು ತುಂಬಿದ ಬಾಯಿ ಹಾಗೇ ಹಿಡಿದು ನಿಂತಿದ್ದರು. ನುಂಗಿದರು.

"ಯಾರ ಕಡಾಯಿ ಅಂದಿ?"

ಶೇಖಮ್ಮ ಸುಟ್ಟ ಅಂಗೈಗೆ ಬಾಯಿಂದ ಊದಿಕೊಳ್ಳುತ್ತ ಕುಸಿದ ಮಣ್ಣನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಸುಳ್ಳು ಹೇಳೀನ್ರೀ ಯಪ್ಪಾ. ನಮ್ಮದು ಹಳ್ಳ ಒಯ್ದದ. ಹಂಗ ಬರಕೊಳ್ರಿ."

ಅಷ್ಟೇ ಸಾಕಾಯಿತು. "ಸಾಹೇಬ್ರ, ಆ ಮಡಕಿ ನೀರಮಾನ್ವಿ ಊರಿನ ನಮ್ಮ ಷಡ್ಡಕಂದ್ರೀ, ನಂದು ಒಂದೂ ಇಲ್ಲ!" ಎಂದು ಗದ್ದೆಪ್ಪ ಕೂಗಿದ. "ಗಾದಿ ಖಾಜಿಯವ್ರ ಮನಿದು, ಸಂಜೀಗೆ ಕೊಡಬೇಕು!" ಎಂದಳು ಅಮೀರ್ ಬೀ. ಹಿಂದಿನಿಂದ ಇನ್ಯಾರೋ, "ನನ್ನ ತಕ್ಕಡೀನೂ ಎರವಲ್ರೀ!" ಎಂದರು. ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು; ಯಾರದು ಯಾವುದೆಂದು ಒಬ್ಬರನ್ನೊಬ್ಬರು ತಿದ್ದಿದರು, ನಕ್ಕರು, ಜಗಳಾಡಿದರು.

ಸಾಹೇಬರು ಖಾಜಿಯವರ ಗಾದಿಯ ಮೇಲೆ ದೊಪ್ಪನೆ ಕುಳಿತು ಪೆನ್ನಿನ ಮುಚ್ಚಳ ತೆಗೆದರು. "ಮೋಟಾರು ಹೋದ್ರ ಹೋಗ್ಲಿ. ಒಬ್ಬೊಬ್ರ ಬರ್ರಿ. ಮೊದಲ ಆ ಮುದುಕಿದು ಬರೀತೀನಿ. ಕಡಾಯಿ ಇಲ್ಲ, ಭಟ್ಟಿ ಇಲ್ಲ, ನಾನ ಕಂಡೀನಿ."

ಹೊರಗೆ ಕಟ್ಟೆಯ ಸುತ್ತ ಗದ್ದಲ ನಡೆದೇ ಇತ್ತು. ಒಳಗೆ ಯಮನಮ್ಮ ಲೋಳೆಸರದ ಎಲೆ ಸೀಳಿ ಅತ್ತೆಯ ಅಂಗೈಗೆ ಹಚ್ಚುತ್ತಿದ್ದಳು. ಶೇಖಮ್ಮ ಬೈಯಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಸೊಸೆ ಬಾಗಿ ಊದಿದಾಗ ಕಣ್ಣು ಮುಚ್ಚಿದಳು. ಅಂಗಳದಲ್ಲಿ ಒಂದು ಕೋಳಿ ಕಾಲೆತ್ತಿ ಎತ್ತಿಡುತ್ತ, ಬೆಚ್ಚಗಿನ ಉಸುಕಿನೊಳಗಿನ ಬಿಳಿ ಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತಿತ್ತು.